ಇರುವೆಯ ಎರಡು ಹೆಸರು: ಜರ್ಮಾನಿಕ್ ಭಾಷೆಗಳ ಒಂದು ನಿರುಕ್ತಿ ಪ್ರಕರಣ

ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ ಆರನೆಯ ಅಧ್ಯಾಯದಲ್ಲಿ, ಆರನೆಯ ವಚನದಲ್ಲಿ, ಸೋಮಾರಿಯೊಬ್ಬನಿಗೆ ಇರುವೆಯ ಬಳಿಗೆ ಹೋಗಿ ಅದರ ನಡೆಯನ್ನು ನೋಡಿ ಬುದ್ಧಿ ಕಲಿತುಕೊಳ್ಳುವಂತೆ ಹೇಳಲಾಗಿದೆ. ಈ ಒಂದೇ ವಚನದ ಇಂಗ್ಲಿಷ್ ಅನುವಾದಗಳನ್ನು ಕಾಲಕ್ರಮದಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಓದಿದವರಿಗೆ ಒಂದು ಸಂಗತಿ ತಟ್ಟನೆ ಕಣ್ಣಿಗೆ ಬೀಳುತ್ತದೆ. 14ನೆಯ ಶತಮಾನದ ಕೊನೆಯಲ್ಲಿ ಸಿದ್ಧವಾದ ವಿಕ್ಲಿಫ್ ಬೈಬಲ್ಲಿನ ಪರಿಷ್ಕೃತ ಪಾಠದಲ್ಲಿ ಇರುವೆಗೆ ‘ಆಮ್ಟೆ’ ಎಂದು ಬರೆದು, ಓದುಗರಿಗೆ ಅದು ತಿಳಿಯದೆ ಹೋದೀತೆಂಬಂತೆ ‘ಅಥವಾ ಪಿಸ್ಸೆಮೀರ್’ ಎಂದು ಸೇರಿಸಲಾಗಿದೆ. 1535ರಲ್ಲಿ ಕವರ್‌ಡೇಲ್ ‘ಎಮೆಟ್’ ಎಂದು ಬರೆದರು. 1560ರ ಜಿನೀವಾ ಬೈಬಲ್ ‘ಪಿಸ್‌ಮೈಯರ್’ ಎಂದಿತು. 1611ರಲ್ಲಿ ಅರಸ ಜೇಮ್ಸ್‌ನ ಆಶ್ರಯದಲ್ಲಿ ಹೊರಬಂದ ಅನುವಾದವು ‘ಆ್ಯಂಟ್’ ಎಂಬ ಪದವನ್ನು ಆರಿಸಿಕೊಂಡಿತು. ಇಂದು ಅನೇಕ ಮಕ್ಕಳು ಇಂಗ್ಲಿಷ್ ಅಕ್ಷರಮಾಲೆಯ ಮೊದಲ ಅಕ್ಷರದೊಡನೆ ಕಲಿಯುವ ಪದಗಳಲ್ಲಿ ಅದೂ ಒಂದು.

ದಿನವೂ ಮನೆಯಂಗಳದಲ್ಲಿ ಕಾಣಸಿಗುವ ಒಂದು ಜೀವಿಗೆ ಒಂದೇ ಭಾಷೆಯ ವಿದ್ವಾಂಸರು ಇನ್ನೂರು ವರ್ಷಗಳ ಅವಧಿಯಲ್ಲಿ ಇಷ್ಟೊಂದು ಬೇರೆ ಬೇರೆ ಹೆಸರುಗಳನ್ನು ಬಳಸಿದ್ದೇಕೆ ಎಂಬ ಪ್ರಶ್ನೆಯೇ ಈ ಅಧ್ಯಯನದ ಆರಂಭ. ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಇರುವುದು ನಾಲ್ಕು ಹೆಸರುಗಳಲ್ಲ, ಎರಡೇ. ಆಮ್ಟೆ, ಎಮೆಟ್, ಆ್ಯಂಟ್ ಎಂಬ ಮೂರೂ ಒಂದೇ ಪದದ ಮೂರು ವೇಷಗಳು. ಪಿಸ್‌ಮೈಯರ್ ಎಂಬುದರ ಉತ್ತರಾರ್ಧವಾದ ‘ಮೈಯರ್’ ಮಾತ್ರ ಬೇರೆಯದೇ ಆದ, ಬಹಳ ಹಿಂದಿನ ಒಂದು ಪದಕುಟುಂಬಕ್ಕೆ ಸೇರಿದ್ದು. ಇಂಗ್ಲಿಷಿನ ಒಡಹುಟ್ಟಿದ ಜರ್ಮಾನಿಕ್ ಭಾಷೆಗಳಲ್ಲೂ ಇದೇ ಸೀಳು ಕಾಣುತ್ತದೆ. ಜರ್ಮನ್ ಭಾಷೆಯಲ್ಲಿ ಇರುವೆ ‘ಆಮೈಝೆ’; ಗಡಿ ದಾಟಿ ಪ್ರಮಾಣ ಡಚ್ ಭಾಷೆಗೆ ಬಂದರೆ ‘ಮೀರ್’; ಡ್ಯಾನಿಶ್‌ನಲ್ಲಿ ‘ಮ್ಯೂರ’, ಸ್ವೀಡಿಶ್‌ನಲ್ಲಿ ‘ಮ್ಯೂರಾ’, ನಾರ್ವೇಜಿಯನ್ ಮತ್ತು ಐಸ್‌ಲ್ಯಾಂಡಿಕ್ ಭಾಷೆಗಳಲ್ಲಿ ‘ಮೌರ್’. ಉತ್ತರ ಜರ್ಮನಿಯ ಕೆಳ ಜರ್ಮನ್ ನುಡಿಗಳಲ್ಲಿ ಎರಡೂ ಕುಟುಂಬದ ರೂಪಗಳು ಒಟ್ಟಿಗೆ ಬಾಳಿವೆ. ಇವೆರಡರಲ್ಲಿ ಯಾವುದು ಮೊದಲಿನದು, ಇನ್ನೊಂದು ಹೇಗೆ ಹುಟ್ಟಿತು, ಹುಟ್ಟಿದ್ದು ಏಕೆ ಗೆದ್ದಿತು ಎಂಬುದನ್ನು ಸಿಕ್ಕಿರುವ ಸಾಕ್ಷ್ಯಗಳ ಬಲದಿಂದ ನಿರ್ಣಯಿಸಲು ಪ್ರಯತ್ನಿಸುತ್ತೇನೆ.

ಮೊದಲ ಹೆಸರಿನ ದಾಖಲೆಗಳು

ಹಳೆಯ ಇಂಗ್ಲಿಷಿನಲ್ಲಿ ಇರುವೆಗೆ ಇದ್ದ ಪದ ‘ಆ್ಯಮೆಟ್ಟೆ’. ಮೊದಲ ಸ್ವರ ದೀರ್ಘವಾದದ್ದು, ಪದ ಸ್ತ್ರೀಲಿಂಗ. ಈ ಪದವು ಕಾಣಿಸಿಕೊಳ್ಳುವ ಹಸ್ತಪ್ರತಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕ್ರಿ.ಶ. 1000ದ ಆಸುಪಾಸಿನಲ್ಲಿ ಬರೆಯಲಾದ, ‘ಬೇವುಲ್ಫ್’ ಕಾವ್ಯವನ್ನು ಉಳಿಸಿಕೊಟ್ಟ ಅದೇ ಸಂಪುಟ. ಇಂದು ಬ್ರಿಟಿಷ್ ಲೈಬ್ರರಿಯಲ್ಲಿರುವ ಆ ಸಂಪುಟದಲ್ಲಿ ಪೂರ್ವದೇಶಗಳ ಅದ್ಭುತಗಳನ್ನು ವರ್ಣಿಸುವ ಒಂದು ಗದ್ಯಕೃತಿಯೂ ಸೇರಿದೆ. ಅದರಲ್ಲಿ ನಾಯಿಯಷ್ಟು ದೊಡ್ಡವಾದ, ಮಿಡತೆಯಂಥ ಕಾಲುಗಳುಳ್ಳ, ಕೆಂಪು ಮತ್ತು ಕಪ್ಪು ಬಣ್ಣದ ಇರುವೆಗಳು ನೆಲದಿಂದ ಚಿನ್ನವನ್ನು ಅಗೆದು ತೆಗೆಯುತ್ತವೆಂಬ ಕಥೆ ಬರುತ್ತದೆ. ಈ ಕಥೆಯ ಬೇರು ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನಲ್ಲಿದೆ. ಅವನು ಆ ಇರುವೆಗಳನ್ನು ಇಟ್ಟದ್ದು ಭಾರತದ ವಾಯವ್ಯ ದಿಕ್ಕಿನ ಮರಳುಗಾಡಿನಲ್ಲಿ. ನಮ್ಮ ಮಹಾಭಾರತದ ಸಭಾಪರ್ವದಲ್ಲಿಯೂ ಯುಧಿಷ್ಠಿರನ ರಾಜಸೂಯಕ್ಕೆ ಉತ್ತರದ ಜನರು ತಂದೊಪ್ಪಿಸಿದ ಕಾಣಿಕೆಗಳಲ್ಲಿ, ಇರುವೆಗಳು ಮೇಲಕ್ಕೆತ್ತಿದ್ದರಿಂದ ‘ಪಿಪೀಲಿಕ’ವೆಂದೇ ಹೆಸರಾದ ಚಿನ್ನದ ಪ್ರಸ್ತಾಪವಿದೆ. ಇಂಗ್ಲೆಂಡಿನ ಯಾವುದೋ ಲಿಪಿಕಾರನು ಆ್ಯಮೆಟ್ಟೆ ಎಂಬ ತನ್ನ ಮನೆಮಾತಿನ ಪದವನ್ನು ಬರೆಯುವಾಗ, ತಾನು ಎಂದೂ ಕಾಣದ ನಮ್ಮ ಕಡೆಯ ನಾಡಿನ ಇರುವೆಗಳ ಬಗೆಗೆ ಹುಟ್ಟಿದ್ದ ಕಥೆಯನ್ನು ಬರೆಯುತ್ತಿದ್ದನೆಂಬುದು ನೆನೆದಷ್ಟೂ ಸಂತೋಷ ಕೊಡುವ ಸಂಗತಿ.

ಎರಡನೆಯ ದಾಖಲೆ ಒಂದು ಊರಿನ ಹೆಸರು. ಬೆಡ್‌ಫರ್ಡ್‌ಶೈರ್ ಪ್ರಾಂತದ ಆ್ಯಂಪ್ಟ್‌ಹಿಲ್ ಪಟ್ಟಣದ ಹೆಸರು ಹಳೆಯ ಇಂಗ್ಲಿಷಿನ ‘ಆ್ಯಮೆಟ್ಟೆ’ ಮತ್ತು ‘ಹಿಲ್’ ಎಂಬ ಪದಗಳಿಂದ ಆದದ್ದು. ಇರುವೆಗಳ ದಿಬ್ಬ ಎಂದು ಅರ್ಥ. ಇಂಗ್ಲೆಂಡಿನ ಭೂಸಮೀಕ್ಷೆಯಾದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಇದು ‘ಅಮ್ಮೆಟೆಲ್ಲೆ’ ಎಂದು ನಮೂದಾಗಿದೆ. ಪದಗಳ ಚರಿತ್ರೆಯನ್ನು ಬರೆಯುವವರಿಗೆ ಊರಿನ ಹೆಸರುಗಳು ಶಾಸನಗಳಷ್ಟೇ ಬೆಲೆಯುಳ್ಳವು. ಜನರ ಮಾತಿನಲ್ಲಿ ಪದ ಸವೆದು ರೂಪ ಬದಲಿಸಿದ ಮೇಲೂ ಊರಿನ ಹೆಸರಿನೊಳಗೆ ಅದು ನಡುದಾರಿಯ ಯಾವುದೋ ಒಂದು ಹಂತದಲ್ಲಿ ಹಾಗೆಯೇ ನಿಂತುಬಿಟ್ಟಿರುತ್ತದೆ.

ಆ್ಯಮೆಟ್ಟೆಯಿಂದ ಆ್ಯಂಟ್‌ವರೆಗಿನ ದಾರಿ ಕನ್ನಡ ಓದುಗರಿಗೆ ಅಪರಿಚಿತವೇನಲ್ಲ. ಲೋಪ, ಆಗಮ, ಆದೇಶ ಎಂದು ನಾವು ಶಾಲೆಯಲ್ಲೇ ಕಲಿತ ಮೂರು ಕ್ರಿಯೆಗಳು ಇಲ್ಲಿಯೂ ನಡೆದಿವೆ. ಜರ್ಮಾನಿಕ್ ಭಾಷೆಗಳಲ್ಲಿ ಒತ್ತು ಪದದ ಮೊದಲ ಅಕ್ಷರದ ಮೇಲೆ ಬೀಳುವುದರಿಂದ ನಡುವಿನ ಸ್ವರ ದುರ್ಬಲವಾಗಿ ಕಡೆಗೆ ಬಿದ್ದುಹೋಯಿತು; ಹೀಗೆ ಆಮ್ಟೆ ಆಯಿತು. ಎರಡು ವ್ಯಂಜನಗಳು ಕೂಡಿದ್ದರಿಂದ ಅದರ ಹಿಂದಿನ ದೀರ್ಘ ಸ್ವರ ಹ್ರಸ್ವವಾಯಿತು. ‘ಮ್’ ಎಂಬ ತುಟಿಯ ಧ್ವನಿಯಿಂದ ‘ಟ್’ ಎಂಬ ನಾಲಿಗೆಯ ಧ್ವನಿಗೆ ದಾಟುವಾಗ ನಡುವೆ ‘ಪ್’ ತಾನಾಗಿ ನುಸುಳುತ್ತದೆ. ತಾಮ್ರವನ್ನು ನಮ್ಮ ಹಳ್ಳಿಗಳಲ್ಲಿ ‘ತಾಂಬ್ರ’ ಎನ್ನುವಾಗ ‘ಬ್’ ನುಸುಳುವುದು ಇದೇ ಕಾರಣಕ್ಕೆ. ಮಧ್ಯಕಾಲೀನ ಇಂಗ್ಲಿಷಿನ ‘ಆಂಪ್ಟೆ’ ರೂಪದಲ್ಲಿ ಮತ್ತು ಆ್ಯಂಪ್ಟ್‌ಹಿಲ್ ಹೆಸರಿನಲ್ಲಿ ಆ ‘ಪ್’ ನಿಂತಿದೆ. ಬೇರೆ ಕಡೆಗಳಲ್ಲಿ ನಾಲಿಗೆ ಇನ್ನೊಂದು ಉಪಾಯವನ್ನು ಹಿಡಿಯಿತು: ಮುಂದಿನ ‘ಟ್’ಗೆ ಹೊಂದುವಂತೆ ‘ಮ್’ ತಾನೇ ‘ನ್’ ಆಯಿತು. ಶಮ್ ಧಾತುವಿನಿಂದ ಶಾಂತ, ಗಮ್ ಧಾತುವಿನಿಂದ ಗಂತವ್ಯ ಆಗುವುದೂ ಇದೇ ಬದಲಾವಣೆಯಿಂದ. ಲ್ಯಾಟಿನ್‌ನ ‘ಅಮಿಟಾ’, ಅಂದರೆ ಸೋದರತ್ತೆ, ಹಳೆಯ ಫ್ರೆಂಚಿನಲ್ಲಿ ‘ಆಂಟೆ’ಯಾಗಿ ಇಂಗ್ಲಿಷಿಗೆ ಬಂದು ‘ಆಂಟ್’ ಆಯಿತು. ಇರುವೆಗೂ ಅತ್ತೆಗೂ ಯಾವ ಸಂಬಂಧವೂ ಇಲ್ಲದಿದ್ದರೂ ಎರಡು ಪದಗಳೂ ಒಂದೇ ಬಗೆಯಲ್ಲಿ ಸವೆದದ್ದರಿಂದ ಅಮೆರಿಕದ ಬಹುಪಾಲು ಜನರ ಬಾಯಲ್ಲಿ ಇಂದು ಎರಡರ ಉಚ್ಚಾರಣೆಯೂ ಒಂದೇ ಆಗಿದೆ. ನಡುವಿನ ಸ್ವರವನ್ನು ಬಿಡದೆ ಉಳಿಸಿಕೊಂಡ ಪ್ರದೇಶಗಳಲ್ಲಿ ಅದೇ ಪದ ‘ಎಮೆಟ್’ ಎಂದು ನಿಂತಿತು.

ಪದವನ್ನು ಬಿಡಿಸುವುದು

ಇಂದಿನ ಜರ್ಮನ್‌ನ ಪೂರ್ವರೂಪವಾದ ಹಳೆಯ ಉನ್ನತ ಜರ್ಮನ್‌ನಲ್ಲಿ ಇದರ ಜ್ಞಾತಿಪದ, ಅಂದರೆ ಒಂದೇ ಮೂಲದಿಂದ ಬಂದ ಬಂಧುಪದ, ‘ಆಮೆಯ್ಸ’. ಈ ರೂಪವನ್ನೂ ಆ್ಯಮೆಟ್ಟೆಯನ್ನೂ ಎದುರುಬದುರು ಇಟ್ಟರೆ ಇಂಗ್ಲಿಷಿನ ‘ಟ್’ ಇರುವಲ್ಲಿ ಉನ್ನತ ಜರ್ಮನ್‌ನಲ್ಲಿ ‘ಸ್’ ಬರುವ ನಿಯತವಾದ ಹೊಂದಾಣಿಕೆ ಕಾಣುತ್ತದೆ. ನೀರಿಗೆ ಇಂಗ್ಲಿಷಿನಲ್ಲಿ ‘ವಾಟರ್’, ಜರ್ಮನ್‌ನಲ್ಲಿ ‘ವಾಸ್ಸರ್’ ಎನ್ನುವಂತೆ. ಇವೆರಡರ ಹಿಂದಿನ ರೂಪವನ್ನು ಭಾಷಾವಿಜ್ಞಾನಿಗಳು *ಏಮೈಟಿಯೋನ್ ಎಂದು ಪುನಾರಚಿಸಿದ್ದಾರೆ. ನಕ್ಷತ್ರ ಚಿಹ್ನೆಯು ಈ ರೂಪ ಯಾವ ಬರಹದಲ್ಲಿಯೂ ಸಿಕ್ಕದ್ದು, ಹೋಲಿಕೆಯಿಂದ ಕಟ್ಟಿಕೊಂಡದ್ದು ಎಂಬುದರ ಗುರುತು.

ಇದರ ಮೊದಲ ಭಾಗ ‘ಏ’ ಎಂಬ ಉಪಸರ್ಗ. ಬೇರೆಮಾಡುವಿಕೆ ಅಥವಾ ಇಲ್ಲದಿರುವಿಕೆಯನ್ನು ಹೇಳುವಂಥದ್ದು. ಹಳೆಯ ಇಂಗ್ಲಿಷಿನ ‘ಆ್ಯಮೋಡ್’, ಅಂದರೆ ಎದೆಗುಂದಿದ, ಎಂಬ ಪದದಲ್ಲಿ ಇದೇ ಉಪಸರ್ಗವಿದೆ. ಹಳೆಯ ಉನ್ನತ ಜರ್ಮನ್‌ನಲ್ಲಿ ಶಕ್ತಿಹೀನತೆಗೆ ‘ಆಮಹ್ಟ್’ ಎನ್ನುತ್ತಿದ್ದರು; ಮುಂದೆ ಆ ಉಪಸರ್ಗದ ಅರ್ಥ ಜನರಿಗೆ ಮರೆತುಹೋದಾಗ, ಇಲ್ಲದೆ ಎಂಬ ಅರ್ಥದ ‘ಓನೆ’ ಪದವನ್ನು ಅಲ್ಲಿ ಕೂರಿಸಿ ‘ಓನ್‌ಮಾಹ್ಟ್’ ಎಂದು ಮಾಡಿಕೊಂಡರು. ಎರಡನೆಯ ಭಾಗವು ಕತ್ತರಿಸು ಎಂಬ ಅರ್ಥದ *ಮೈಟನ್ ಎಂಬ ಕ್ರಿಯಾಪದ. ಈ ಕ್ರಿಯಾಪದಕ್ಕೆ ಗಟ್ಟಿಯಾದ ಸಾಕ್ಷಿ, ಈಗ ಅಳಿದುಹೋಗಿರುವ ಜರ್ಮಾನಿಕ್ ಭಾಷೆಯಾದ ಗೋಥಿಕ್‌ನಲ್ಲಿದೆ. 4ನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲ ಗೋಥಿಕ್‌ಗೆ ತಂದ ಬೈಬಲ್ಲಿನಲ್ಲಿ, ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಹೆರೋದ ಅರಸನು ಯೋಹಾನನ ತಲೆಯನ್ನು ಕಡಿಸಿದೆನೆಂದು ಹೇಳುವಲ್ಲಿ ಬರುವ ಕ್ರಿಯೆ ‘ಆಫ್‌ಮೈಟನ್’. ಕತ್ತರಿಸಿ ಬೇರೆಮಾಡು ಎಂಬುದೇ ಅದರ ಅರ್ಥ. ಜರ್ಮನ್ ಭಾಷೆಯಲ್ಲಿ ಉಳಿಗೆ ‘ಮೈಸೆಲ್’ ಎನ್ನುವುದೂ ಇದೇ ಧಾತುವಿನಿಂದ. ನುಸಿಯಂಥ ಸೂಕ್ಷ್ಮ ಜೀವಿಗೆ ಇಂಗ್ಲಿಷಿನಲ್ಲಿರುವ ‘ಮೈಟ್’ ಪದವನ್ನು ಕೂಡ ಅನೇಕ ನಿಘಂಟುಗಳು ಇದೇ ಧಾತುವಿಗೆ ಜೋಡಿಸುತ್ತವೆ.

ಹೀಗೆ ಬಿಡಿಸಿದಾಗ ಇರುವೆ ಎಂದರೆ ಕಚ್ಚಿ ಕತ್ತರಿಸುವವಳು. ಈ ಅರ್ಥವನ್ನು ಒಪ್ಪುವ ಮುನ್ನ ಇನ್ನೊಂದು ಸಾಧ್ಯತೆಯನ್ನೂ ತೂಗಿ ನೋಡಬೇಕು. ಕೀಟಕ್ಕೆ ಲ್ಯಾಟಿನ್‌ನಲ್ಲಿ ‘ಇನ್‌ಸೆಕ್ಟಮ್’, ಗ್ರೀಕ್‌ನಲ್ಲಿ ‘ಎಂಟೊಮೊನ್’. ಎರಡಕ್ಕೂ ಕತ್ತರಿಸಲ್ಪಟ್ಟದ್ದು ಎಂದು ಅರ್ಥ. ತಲೆ, ಎದೆ, ಹೊಟ್ಟೆಗಳ ನಡುವೆ ಕತ್ತರಿಸಿದಂತೆ ಕಾಣುವ ದೇಹದಿಂದ ಆ ಹೆಸರು ಬಂದಿತು. ಇರುವೆಯ ಸೊಂಟವಂತೂ ಬಹಳ ಸಣ್ಣ. ಹಾಗಾದರೆ ಜರ್ಮಾನಿಕ್ ಹೆಸರೂ ಕತ್ತರಿಸಲ್ಪಟ್ಟದ್ದು ಎಂಬ ಅರ್ಥದಲ್ಲಿ ಹುಟ್ಟಿರಬಾರದೇಕೆ? ಈ ವಾದ ಆಕರ್ಷಕವಾದರೂ ನಾನು ಅದನ್ನು ಒಪ್ಪಲಾರೆ. ಗ್ರೀಕರ ಆ ಪದವು ಜೀವಿಗಳನ್ನು ವರ್ಗೀಕರಿಸುವ ತತ್ತ್ವಜ್ಞಾನಿಗಳ ನೋಟದಿಂದ ಬಂದದ್ದು. ಕಾಡಿನಂಚಿನ ರೈತರು ಕೀಟಗಳಿಗೆ ಹೆಸರಿಡುವಾಗ ಅವು ತಮಗೆ ಏನು ಮಾಡುತ್ತವೆಂಬುದನ್ನು ನೋಡುತ್ತಾರೆ. ಇದಕ್ಕೆ ಇಂಗ್ಲಿಷಿನ ‘ಬೀಟಲ್’ ಸಾಕ್ಷಿ: ಅದು ಕಚ್ಚು ಎಂಬ ಅರ್ಥದ ಕ್ರಿಯಾಪದದಿಂದ ಬಂದ, ಕಚ್ಚುವಂಥದ್ದು ಎಂಬ ಹೆಸರು. ಗೋಥಿಕ್‌ನಲ್ಲಿ ಬಟ್ಟೆ ತಿನ್ನುವ ನುಸಿಗೆ ‘ಮಾಲೊ’ ಎನ್ನುತ್ತಿದ್ದರು. ಅದು ‘ಮಾಲನ್’, ಅಂದರೆ ಬೀಸು ಅಥವಾ ಅರೆ, ಎಂಬ ಕ್ರಿಯೆಗೆ ಸಂಬಂಧಿಸಿದ್ದು. ಅರೆಯುವುದು, ಕಚ್ಚುವುದು, ಕತ್ತರಿಸುವುದು ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನೂ ನಿವಾರಿಸಬೇಕು. ಕತ್ತರಿಸುವ ಇರುವೆ ಎಂದ ಕೂಡಲೇ ಎಲೆಗಳನ್ನು ಕತ್ತರಿಸಿ ಸಾಲಾಗಿ ಹೊತ್ತೊಯ್ಯುವ ಇರುವೆಗಳ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಅವು ಅಮೆರಿಕ ಖಂಡಗಳ ಇರುವೆಗಳು, ಹಳೆಯ ಜರ್ಮಾನಿಕ್ ಜನರು ಅವುಗಳನ್ನು ಕಂಡಿರಲು ಸಾಧ್ಯವೇ ಇಲ್ಲ. ಅವರು ಕಂಡದ್ದು ಉತ್ತರ ಯುರೋಪಿನ ಪೈನ್ ಕಾಡುಗಳಲ್ಲಿ ಸೂಜಿಯೆಲೆಗಳನ್ನು ಗುಡ್ಡೆಹಾಕಿ ಗೂಡು ಕಟ್ಟುವ ಕೆಂಪು ಕಾಡಿರುವೆಯನ್ನು. ಅದು ದವಡೆಗಳಿಂದ ಕಚ್ಚುತ್ತದೆ, ಹೊಟ್ಟೆಯ ತುದಿಯಿಂದ ಆಮ್ಲವನ್ನು ಚಿಮ್ಮಿಸುತ್ತದೆ. ಈ ಎರಡು ಕೆಲಸಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಪಿಸ್‌ಮೈಯರ್ ಎಂಬ ಹೆಸರಿನ ಪೂರ್ವಾರ್ಧಕ್ಕೆ ಎರಡನೆಯ ಕೆಲಸವೇ ಕಾರಣ.

ಎರಡು ಬಲೆಗಳು

ಆಮೈಝೆ ಪದವನ್ನು ಕುರಿತು ಜರ್ಮನ್ ಮಾತನಾಡುವವರನ್ನು ಕೇಳಿದರೆ, ಅದು ‘ಎಮ್ಸಿಶ್’ ಎಂಬ ಗುಣವಾಚಕದಿಂದ ಬಂದಿರಬೇಕೆಂದು ಹೇಳುವವರು ಸಿಗುತ್ತಾರೆ. ಆ ಗುಣವಾಚಕದ ಅರ್ಥ ಬಿಡುವಿಲ್ಲದೆ ದುಡಿಯುವ ಎಂದು. ಅರ್ಥ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ಕೆಲವು ಉಪಭಾಷೆಗಳಲ್ಲಿ ಇರುವೆಯ ಹೆಸರೇ ‘ಎಮ್ಸೆ’ ಎಂದು ಅದರತ್ತ ಬಾಗಿದೆ. ಆದರೆ ಆ ಗುಣವಾಚಕದ ಹಳೆಯ ರೂಪ ‘ಎಮಿಸ್ಸಿಗ್’; ಅದರ ಮೊದಲ ಸ್ವರ ಹ್ರಸ್ವ, ಮೂಲ ಬೇರೆ. ಹೋಲಿಕೆಯನ್ನು ಜನರು ಹಿಂದಿನಿಂದ ಹೊಲಿದದ್ದು.

ಇಂಗ್ಲಿಷಿನ ಬಲೆ ಇದಕ್ಕಿಂತ ಸೊಗಸಾದದ್ದು. ಹಳೆಯ ಇಂಗ್ಲಿಷಿನಲ್ಲಿ ಬಿಡುವು, ವಿರಾಮ ಎಂಬ ಅರ್ಥದ ಪದ ‘ಆ್ಯಮೆಟ್ಟ’. ಅದರ ಗುಣವಾಚಕ ‘ಆ್ಯಮೆಟ್ಟಿಗ್’. ಇರುವೆಯ ಆ್ಯಮೆಟ್ಟೆಗೂ ಬಿಡುವಿನ ಆ್ಯಮೆಟ್ಟಕ್ಕೂ ಕೊನೆಯ ಸ್ವರವೊಂದನ್ನು ಬಿಟ್ಟರೆ ವ್ಯತ್ಯಾಸವಿಲ್ಲ. ಆ ಗುಣವಾಚಕವೇ ಮುಂದೆ ಬರಿದಾದ ಎಂಬ ಅರ್ಥದ ‘ಎಂಪ್ಟಿ’ ಆಯಿತು, ಆ್ಯಂಪ್ಟ್‌ಹಿಲ್‌ನಲ್ಲಿ ನುಸುಳಿದ ‘ಪ್’ ಅಲ್ಲಿಯೂ ನುಸುಳಿತು. ಜರ್ಮನ್‌ನಲ್ಲಿ ಇರುವೆಯ ಪಕ್ಕದಲ್ಲಿ ದುಡಿಮೆಯ ಪದ ನಿಂತಿದೆ, ಇಂಗ್ಲಿಷಿನಲ್ಲಿ ವಿರಾಮದ ಪದ ನಿಂತಿದೆ; ಎರಡೂ ಆಕಸ್ಮಿಕ. ಧ್ವನಿಯ ಹೋಲಿಕೆಯೊಂದನ್ನೇ ಹಿಡಿದು ಹೊರಟವನು ಜರ್ಮನಿಯಲ್ಲಿ ಇರುವೆಯನ್ನು ಕಷ್ಟಜೀವಿಯೆಂದೂ ಇಂಗ್ಲೆಂಡಿನಲ್ಲಿ ಅದನ್ನೇ ಸೋಮಾರಿಯೆಂದೂ ಸಾಧಿಸಬೇಕಾಗುತ್ತದೆ.

ಎರಡನೆಯ ಹೆಸರು ಮತ್ತು ಕ್ರಿಮಿಯದ ಒಂದು ಸಾಲು

ಈಗ ಮೌರ್, ಮೀರ್, ಮ್ಯೂರಾ ಎಂಬ ಕುಟುಂಬಕ್ಕೆ ಬರೋಣ. ಪಶ್ಚಿಮ ಜರ್ಮಾನಿಕ್‌ನ ಡಚ್ ಮತ್ತು ಕೆಳ ಜರ್ಮನ್‌ಗಳಲ್ಲಿ ಇದು ಇದೆ. ಉತ್ತರ ಜರ್ಮಾನಿಕ್ ಎನಿಸಿದ ಸ್ಕ್ಯಾಂಡಿನೇವಿಯದ ಭಾಷೆಗಳೆಲ್ಲದರಲ್ಲೂ ಇದೆ. ಮೂರನೆಯದಾದ ಪೂರ್ವ ಶಾಖೆಯಲ್ಲಿ, ಅಂದರೆ ಗೋಥಿಕ್‌ನಲ್ಲಿ, ಇದು ಇತ್ತೆಂದು ತೋರಿಸಲು ಸಾಧ್ಯವಾದರೆ ಮೂಲ ಜರ್ಮಾನಿಕ್ ಭಾಷೆಯಲ್ಲಿಯೇ ಇರುವೆಗೆ ಇದೇ ಹೆಸರಿತ್ತೆಂಬ ನಿರ್ಣಯಕ್ಕೆ ಬರಬಹುದು. ಈ ಪ್ರಕರಣದ ಗಂಟು ಇರುವುದು ಇಲ್ಲಿ.

ವುಲ್ಫಿಲನ ಬೈಬಲ್ ಇಲ್ಲಿ ಮೌನವಾಗಿದೆ, ಮತ್ತು ಆ ಮೌನಕ್ಕೆ ಸ್ಪಷ್ಟವಾದ ಕಾರಣವಿದೆ. ಬೈಬಲ್ಲಿನಲ್ಲಿ ಇರುವೆ ಬರುವುದು ಎರಡೇ ಕಡೆ, ಎರಡೂ ಜ್ಞಾನೋಕ್ತಿಗಳಲ್ಲಿ: ಮೊದಲು ಹೇಳಿದ ಆರನೆಯ ಅಧ್ಯಾಯದಲ್ಲಿ, ಮತ್ತು ಮೂವತ್ತನೆಯ ಅಧ್ಯಾಯದ ಇಪ್ಪತ್ತೈದನೆಯ ವಚನದಲ್ಲಿ. ಗೋಥಿಕ್ ಅನುವಾದದಲ್ಲಿ ನಮಗೆ ಉಳಿದಿರುವುದು ಬಹುತೇಕ ಹೊಸ ಒಡಂಬಡಿಕೆಯ ಭಾಗಗಳು. ಹಳೆಯ ಒಡಂಬಡಿಕೆಯಿಂದ ನೆಹೆಮೀಯನ ಕೆಲವು ಪುಟಗಳಷ್ಟೇ ಗಣನೀಯವಾಗಿ ಸಿಕ್ಕಿವೆ. ಆದ್ದರಿಂದ ಬಟ್ಟೆ ತಿನ್ನುವ ನುಸಿಗೂ, ಸ್ನಾನಿಕ ಯೋಹಾನನು ಕಾಡಿನಲ್ಲಿ ತಿಂದ ಮಿಡತೆಗೂ ಗೋಥಿಕ್ ಹೆಸರು ಗೊತ್ತಿದೆ, ಇರುವೆಗೆ ಗೊತ್ತಿಲ್ಲ.

ಆ ಕೊರತೆಯನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಒಬ್ಬ ರಾಯಭಾರಿ ತುಂಬಿಕೊಟ್ಟನು. ಓಗಿಯೆ ಗಿಸ್ಲೆನ್ ದ ಬುಸ್‌ಬೆಕ್ ಎಂಬ ಫ್ಲಾಂಡರ್ಸ್ ಪ್ರಾಂತದವನು 16ನೆಯ ಶತಮಾನದ ನಡುವಿನಲ್ಲಿ ಹ್ಯಾಬ್ಸ್‌ಬರ್ಗ್ ದೊರೆಗಳ ಪರವಾಗಿ ಸುಲ್ತಾನ ಸುಲೈಮಾನನ ಆಸ್ಥಾನದಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದನು. ಕಪ್ಪುಸಮುದ್ರದ ಕ್ರಿಮಿಯ ಪರ್ಯಾಯದ್ವೀಪದಲ್ಲಿ ಗೋಥಿಕ್ ಬಳಗದ ಜರ್ಮಾನಿಕ್ ನುಡಿಯೊಂದನ್ನು ಆಡುವ ಜನರಿದ್ದಾರೆಂದು ಕೇಳಿದ್ದ ಅವನು ಅಲ್ಲಿಂದ ಬಂದಿದ್ದ ಇಬ್ಬರನ್ನು ತನ್ನ ಊಟಕ್ಕೆ ಕರೆಸಿಕೊಂಡನು. ಅವರಲ್ಲಿ ಒಬ್ಬನು ನೋಡಲು ಫ್ಲಾಂಡರ್ಸಿನವನಂತಿದ್ದರೂ ತನ್ನ ಭಾಷೆಯನ್ನು ಮರೆತಿದ್ದನು. ಇನ್ನೊಬ್ಬನು ಮೂಲತಃ ಗ್ರೀಕನಾಗಿದ್ದು, ಆ ಜನರ ನಡುವೆ ವ್ಯವಹರಿಸಿ ಅವರ ಮಾತನ್ನು ಕಲಿತಿದ್ದನು. ಅವನ ಬಾಯಿಂದ ಕೇಳಿ ಬರೆದುಕೊಂಡ ಎಂಬತ್ತಕ್ಕೂ ಹೆಚ್ಚು ಪದಗಳು, 1589ರಲ್ಲಿ ಪ್ಯಾರಿಸ್ಸಿನಲ್ಲಿ ಮುದ್ರಣಗೊಂಡ ಬುಸ್‌ಬೆಕ್‌ನ ಪತ್ರಗಳ ಸಂಪುಟದಲ್ಲಿ ಲ್ಯಾಟಿನ್ ಅರ್ಥಗಳೊಡನೆ ಉಳಿದಿವೆ. ಕೈ, ಬಿಲ್ಲು ಮುಂತಾದವುಗಳ ಜೊತೆಯಲ್ಲಿ ‘ಮಿಯೆರ: ಫಾರ್ಮೀಕಾ’ ಎಂಬ ಸಾಲೂ ಇದೆ. ಫಾರ್ಮೀಕಾ ಎಂದರೆ ಲ್ಯಾಟಿನ್‌ನಲ್ಲಿ ಇರುವೆ. ಅಳಿದುಹೋದ ಒಂದು ಭಾಷೆಯ ಈ ಪಟ್ಟಿಯಲ್ಲಿ ಪ್ರಾರ್ಥನೆಯೂ ಸಿಕ್ಕಲಿಲ್ಲ, ಕಥೆಯೂ ಸಿಕ್ಕಲಿಲ್ಲ. ಇರುವೆಯ ಹೆಸರು ಸಿಕ್ಕಿತು. ಈ ಸಾಲನ್ನು ಓದುವಾಗ ನನಗೆ ಪ್ರತಿಬಾರಿಯೂ ಆ ಊಟದ ಮೇಜಿನ ಬಗ್ಗೆ ಕೃತಜ್ಞತೆ ಮೂಡುತ್ತದೆ.

ಕೃತಜ್ಞತೆ ಬೇರೆ, ಸಾಕ್ಷ್ಯದ ತೂಕ ಬೇರೆ. ಬುಸ್‌ಬೆಕ್‌ನ ಮನೆಮಾತಿಗೆ ಹತ್ತಿರವಾದ ಫ್ಲೆಮಿಶ್ ನುಡಿಯಲ್ಲಿಯೂ ಇರುವೆಗೆ ‘ಮಿಯೆರೆ’ ಎಂದೇ ಹೆಸರಿತ್ತು. ಹೇಳಿದವನು ಆ ಭಾಷೆಯನ್ನು ಕಲಿತ ಗ್ರೀಕ. ಬರೆದುಕೊಂಡವನು ಅದನ್ನು ತನ್ನ ಕಿವಿಗೆ ಒಗ್ಗಿದ ಕಾಗುಣಿತದಲ್ಲಿ ಬರೆದ ಫ್ಲಾಂಡರ್ಸಿನವ. ಸ್ವರಗಳ ವಿಷಯದಲ್ಲಂತೂ ಈ ಪಟ್ಟಿಯನ್ನು ಅಕ್ಷರಶಃ ನಂಬುವಂತಿಲ್ಲ. ಆದರೂ ಕೇಳಿದ ಪದದಲ್ಲಿ ಮಕಾರವೂ ರೇಫೆಯೂ ಇಲ್ಲದೆ ಅವನು ಸುಮ್ಮನೆ ತನ್ನ ಪದವನ್ನೇ ಬರೆದುಬಿಟ್ಟನೆಂದು ಹೇಳಲು ಆಧಾರವಿಲ್ಲ, ಏಕೆಂದರೆ ಅದೇ ಪಟ್ಟಿಯಲ್ಲಿ ಫ್ಲೆಮಿಶ್‌ಗೆ ಹೊಂದದ ರೂಪಗಳನ್ನೂ ಅವನು ಕಾಪಾಡಿದ್ದಾನೆ. ಹಾಗಾಗಿ ಈ ಕುಟುಂಬದ ಪದವೊಂದು ಕ್ರಿಮಿಯದಲ್ಲಿ ಇತ್ತೆಂಬುದನ್ನು ಒಪ್ಪುತ್ತೇನೆ. ಅದರ ನಿಖರವಾದ ಸ್ವರ ಯಾವುದೆಂಬುದಕ್ಕೆ ಮಾತ್ರ ಈ ಸಾಲನ್ನು ಪ್ರಮಾಣವಾಗಿ ಹಿಡಿಯುವುದಿಲ್ಲ.

ಹೊರಗಿನ ಸಾಕ್ಷ್ಯ ಇದನ್ನು ಬಲಪಡಿಸುತ್ತದೆ. ಇರುವೆಯ ಈ ಹೆಸರು ಜರ್ಮಾನಿಕ್ ಶಾಖೆಗಷ್ಟೇ ಸೀಮಿತವಲ್ಲ. ಹಳೆಯ ಐರಿಶ್‌ನಲ್ಲಿ ‘ಮೊಯಿರ್ಬ್’, ರಷ್ಯನ್‌ನಲ್ಲಿ ‘ಮುರವೆಯ್’, ಅವೆಸ್ತಾದ ಭಾಷೆಯಲ್ಲಿ ‘ಮಓಇರಿ’, ಪರ್ಶಿಯನ್‌ನಲ್ಲಿ ‘ಮೂರ್’, ಗ್ರೀಕ್‌ನಲ್ಲಿ ‘ಮ್ಯೂರ್ಮೆಕ್ಸ್’, ಲ್ಯಾಟಿನ್‌ನಲ್ಲಿ ‘ಫಾರ್ಮೀಕಾ’. ಸಂಸ್ಕೃತದಲ್ಲಿ ‘ವಮ್ರ’ ಮತ್ತು ‘ವಮ್ರೀ’. ಇರುವೆಗಳು ತಿನ್ನುತ್ತಿದ್ದ ಒಬ್ಬನನ್ನು ಇಂದ್ರನು ಅವುಗಳ ನೆಲೆಯಿಂದ ಹೊರಗೆ ತಂದನೆಂದು ಋಗ್ವೇದದ ನಾಲ್ಕನೆಯ ಮಂಡಲದಲ್ಲಿ ಹೇಳುವಾಗ ಬರುವ ಪದ ಇದೇ. ಹುತ್ತ ಎಂಬ ಅರ್ಥದ ‘ವಲ್ಮೀಕ’ ಶಬ್ದವನ್ನೂ ವಿದ್ವಾಂಸರು ಈ ಬಳಗಕ್ಕೆ ಸೇರಿಸುತ್ತಾರೆ. ಅಲ್ಲಿಂದ ಆದಿಕವಿಯ ಹೆಸರಿಗೆ ಒಂದೇ ಹೆಜ್ಜೆ. ಇರುವೆ ಎಂಬ ನಮ್ಮ ಪದವಾದರೋ ಬೇರೆ ಮನೆಯದು: ಹಳಗನ್ನಡದ ಇಱುವೆ, ತಮಿಳಿನ ಎಱುಂಬು ಎಂಬ ದ್ರಾವಿಡ ಬಳಗಕ್ಕೆ ಸೇರಿದ್ದು. ಆದರೂ ವಾಲ್ಮೀಕಿಯೆಂದು ಉಚ್ಚರಿಸಿದಾಗಲೆಲ್ಲ, ಆಮ್‌ಸ್ಟರ್‌ಡ್ಯಾಮಿನ ಮಗುವೊಂದು ಮೀರ್ ಎಂದು ಬೊಟ್ಟು ಮಾಡಿ ತೋರಿಸುವ ಪದದ ದೂರದ ಬಂಧುವನ್ನೇ ನಾವು ನಾಲಿಗೆಯ ಮೇಲೆ ತರುತ್ತೇವೆ.

ಈ ಪಟ್ಟಿಯನ್ನು ನೋಡಿದವರಿಗೆ ಅನುಮಾನ ಬರುವುದು ಸಹಜ. ಮ್, ರ್, ವ್ ಎಂಬ ಮೂರು ವ್ಯಂಜನಗಳು ಒಂದೊಂದು ಭಾಷೆಯಲ್ಲಿ ಒಂದೊಂದು ಕ್ರಮದಲ್ಲಿ ನಿಂತಿವೆ. ಲ್ಯಾಟಿನ್‌ನಲ್ಲಿ ಮೊದಲ ಧ್ವನಿಯೇ ‘ಫ್’ ಆಗಿದೆ. ಧ್ವನಿನಿಯಮಗಳ ಪ್ರಕಾರ ಇವೆಲ್ಲ ಒಂದೇ ರೂಪದಿಂದ ಬರಲಾರವು. ಜರ್ಮಾನಿಕ್‌ನ ಒಳಗೂ ಇದೇ ತೊಡಕು: ಸ್ಕ್ಯಾಂಡಿನೇವಿಯದ ಹಳೆಯ ಭಾಷೆಯಾದ ನಾರ್ಸ್‌ನ ಮೌರ್ ‘ಔ’ ಸ್ವರವನ್ನು ಕೇಳುತ್ತದೆ, ಡಚ್ಚಿನ ಮೀರ್ ‘ಎಉ’ ಸ್ವರವನ್ನು ಕೇಳುತ್ತದೆ. ಇದಕ್ಕೆ ಎರಡು ಬಗೆಯ ಸಮಾಧಾನಗಳು ಬಂದಿವೆ. ಒಂದು, ವರ್ಣಗಳ ಸ್ಥಾನ ಪಲ್ಲಟ. ನಮ್ಮ ನಿರುಕ್ತ ಪರಂಪರೆಯಲ್ಲಿ ಹಿಂಸ್ ಧಾತುವಿನಿಂದ ಸಿಂಹ ಎಂದು ಹೇಳುವಾಗ ಕರೆಯುವ ವರ್ಣವಿಪರ್ಯಯ ಇದೇ. ಕೀಟಗಳ ಹೆಸರುಗಳಲ್ಲಿ ಇದು ವಿರಳವೇನಲ್ಲ: ಕಣಜಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ವ್ಯಾಪ್ಸ್’ ಮತ್ತು ‘ವ್ಯಾಸ್ಪ್’ ಎಂಬ ಎರಡೂ ರೂಪಗಳಿದ್ದವು, ಎರಡನೆಯದು ಉಳಿಯಿತು. ಇನ್ನೊಂದು, ನಿಷೇಧದ ವಾದ: ಹೆಸರು ಹೇಳಿದರೆ ಆ ಜೀವಿ ಮನೆಗೆ ಬಂದೀತೆಂಬ ಭಯದಿಂದ ಜನರು ಬೇಕೆಂದೇ ಪದವನ್ನು ತಿರುಚಿ ನುಡಿದರು ಎಂಬುದು. ರಾತ್ರಿಯ ಹೊತ್ತು ಹಾವಿನ ಹೆಸರೆತ್ತದೆ ಹುಳ ಎನ್ನುವ ಹಿರಿಯರನ್ನು ಕಂಡ ನಮಗೆ ಈ ವಾದ ಸುಲಭವಾಗಿ ರುಚಿಸುತ್ತದೆ. ಆದರೆ ಇರುವೆಯ ವಿಷಯದಲ್ಲಿ ಅಂಥ ನಿಷೇಧವಿತ್ತೆಂದು ತೋರಿಸಲು ಪದದ ತಿರುಚಿಕೆಯನ್ನು ಬಿಟ್ಟು ಬೇರೆ ಆಧಾರ ಬೇಕಾಗುತ್ತದೆ. ಅದಿಲ್ಲದೆ ತಿರುಚಿಕೆಗೆ ನಿಷೇಧವನ್ನೂ ನಿಷೇಧಕ್ಕೆ ತಿರುಚಿಕೆಯನ್ನೂ ಕಾರಣವಾಗಿ ಕೊಡುವ ಸುತ್ತುವಾದವಾಗುತ್ತದೆ. ನಾನು ವರ್ಣವಿಪರ್ಯಯದ ಕಡೆ ನಿಲ್ಲುತ್ತೇನೆ.

ನಿರ್ಣಯ

ಮೂರು ಶಾಖೆಗಳಲ್ಲಿಯೂ ಕುರುಹು ಬಿಟ್ಟ, ಹೊರಗೆ ಐರ್ಲೆಂಡಿನಿಂದ ಭಾರತದವರೆಗೆ ಬಂಧುಗಳಿರುವ ಮೌರ್–ಮೀರ್ ಕುಟುಂಬವೇ ಜರ್ಮಾನಿಕ್ ಜನರ ಹಿಂದಿನ ಪದ. ಆ್ಯಮೆಟ್ಟೆ–ಆಮೆಯ್ಸ ಜೋಡಿಯು ಪಶ್ಚಿಮ ಶಾಖೆಯಲ್ಲಿ ಮಾತ್ರ ಸಿಗುತ್ತದೆ, ಹೊರಗೆ ಅದಕ್ಕೆ ಜ್ಞಾತಿಪದಗಳಿಲ್ಲ, ಜರ್ಮಾನಿಕ್ ಭಾಷೆಯೊಳಗಿನ ಉಪಸರ್ಗ ಮತ್ತು ಕ್ರಿಯಾಪದಗಳಿಂದಲೇ ಅದನ್ನು ಪೂರ್ತಿಯಾಗಿ ಬಿಡಿಸಬಹುದು. ಈ ಮೂರು ಲಕ್ಷಣಗಳೂ ಹೊಸದಾಗಿ ಕಟ್ಟಿದ ಪದದವು. ಹಳೆಯ ಹೆಸರು ರೂಪದಲ್ಲಿ ಅಸ್ಥಿರವಾಗಿತ್ತೆಂಬುದನ್ನು ಮೇಲೆ ಕಂಡೆವು; ಅಂಥ ಹೆಸರಿನ ಪಕ್ಕದಲ್ಲಿ, ಕೇಳಿದ ಕೂಡಲೇ ಅರ್ಥವಾಗುವ ‘ಕತ್ತರಿಸುವವಳು’ ಎಂಬ ಬಣ್ಣನೆ ಹುಟ್ಟಿ ಬೆಳೆದದ್ದು ಆಶ್ಚರ್ಯವಲ್ಲ. ಭಯದ ಅಗತ್ಯವಿಲ್ಲ, ಕಾಡಿರುವೆಯ ಕಡಿತವೊಂದೇ ಸಾಕು.

ಇಂಗ್ಲಿಷಿನ ಮೈಯರ್ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇದನ್ನು ಹಳೆಯ ಇಂಗ್ಲಿಷಿನಿಂದಲೇ ಉಳಿದುಬಂದ ಪದವೆಂದು ತೋರಿಸಲು ಆಗುವುದಿಲ್ಲ. ಅದು ಕಾಣಿಸಿಕೊಳ್ಳುವುದು ಮಧ್ಯಕಾಲೀನ ಇಂಗ್ಲಿಷಿನಲ್ಲಿ, ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ಡೇನರು ನೆಲೆಸಿ ಅವರ ಪದಗಳು ಬೆರೆತ ಮೇಲೆ. ಸ್ಕ್ಯಾಂಡಿನೇವಿಯದ ಎರವಲೆಂದು ತಿಳಿಯುವುದೇ ಹೆಚ್ಚು ಸುರಕ್ಷಿತ. ಅದರ ಮುಂದೆ ಅಂಟಿಕೊಂಡ ‘ಪಿಸ್’ ಎಂಬುದು ಮೂತ್ರವನ್ನು ಹೇಳುವ ಪದ. ಕೆದಕಿದ ಇರುವೆಗೂಡಿನಿಂದ ಏಳುವ ಘಾಟು ವಾಸನೆಯೇ ಅದಕ್ಕೆ ಕಾರಣ. ಡಚ್ಚಿನಲ್ಲಿಯೂ ‘ಪಿಸ್‌ಮೀರ್’ ಇದೆ, ಜರ್ಮಾನಿಕ್ ಅಲ್ಲದ ಫಿನ್ನಿಶ್‌ನಲ್ಲಿಯೂ ಮೂತ್ರದಿಂದಲೇ ಹುಟ್ಟಿದ ‘ಕುಸಿಯಾಯ್ನೆನ್’ ಎಂಬ ಇರುವೆಯ ಹೆಸರಿದೆ. 1670ರ ದಶಕದ ಆರಂಭದ ಹೊತ್ತಿಗೆ ಇಂಗ್ಲೆಂಡಿನ ನಿಸರ್ಗಶಾಸ್ತ್ರಜ್ಞ ಜಾನ್ ರೇ ಇರುವೆಗಳಿಂದ ಪಡೆದ ಹುಳಿಯಾದ ರಸವನ್ನು ವಿವರಿಸಿದನು. ಲ್ಯಾಟಿನ್‌ನ ಫಾರ್ಮೀಕಾದಿಂದ ಅದಕ್ಕೆ ಫಾರ್ಮಿಕ್ ಆಮ್ಲವೆಂದು ಹೆಸರಾಯಿತು. ರಸಾಯನಶಾಸ್ತ್ರ ಹೆಸರಿಡುವುದಕ್ಕೆ ಎಷ್ಟೋ ಮೊದಲು ಹಳ್ಳಿಗರ ಮೂಗು ಅದನ್ನು ಗುರುತಿಸಿ ಪದದೊಳಗೆ ಇಟ್ಟಿತ್ತು. ಚಾಸರ್ ಕವಿ ಕೋಪಿಷ್ಠನೊಬ್ಬನನ್ನು ಪಿಸ್ಸೆಮೀರ್‌ನಂತೆ ಸಿಡಿಮಿಡಿಗೊಂಡವನೆಂದು ಬಣ್ಣಿಸಿದ್ದಾನೆ; ಕೆದಕಿದ ಕೂಡಲೇ ಆಮ್ಲ ಚಿಮ್ಮಿಸುವ ಕಾಡಿರುವೆಯನ್ನು ಕಂಡವರಿಗೆ ಆ ಹೋಲಿಕೆ ಎಷ್ಟು ಸರಿಯೆಂದು ತಿಳಿಯುತ್ತದೆ.

1611ರ ಬೈಬಲ್ ಮನೆಮನೆಗೆ ತಲುಪಿದಂತೆ ಆ್ಯಂಟ್ ಎಂಬ ರೂಪ ಪ್ರಮಾಣ ಭಾಷೆಯಲ್ಲಿ ಬೇರೂರಿತು, ಪಿಸ್‌ಮೈಯರ್ ಮತ್ತು ಎಮೆಟ್ ಉಪಭಾಷೆಗಳಿಗೆ ಸರಿದವು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಎಮೆಟ್ ಇಂದಿಗೂ ಜೀವಂತವಾಗಿದೆ. ಬೇಸಿಗೆಯಲ್ಲಿ ಕಡಲತೀರಕ್ಕೆ ಮುಗಿಬೀಳುವ ಪ್ರವಾಸಿಗರನ್ನು ಅಲ್ಲಿನವರು ಆ ಹೆಸರಿನಿಂದ ಕರೆಯುತ್ತಾರೆ, ಮತ್ತು ಅದು ತಮ್ಮ ಪ್ರಾಚೀನ ಕಾರ್ನಿಶ್ ಭಾಷೆಯ ಪದವೆಂದು ಅನೇಕರು ನಂಬಿದ್ದಾರೆ. ಕಾರ್ನಿಶ್ ಭಾಷೆಯಲ್ಲಿ ಇರುವೆಗಳಿಗೆ ಇರುವ ಪದ ‘ಮ್ಯೂರ್ಯೊನ್’: ಬುಸ್‌ಬೆಕ್ ಬರೆದುಕೊಂಡ ಮಿಯೆರದ ಬಳಗದ್ದು, ನಮ್ಮ ವಮ್ರೀಯ ಬಳಗದ್ದು.